ಚಂಪವ್ವ ಉಜ್ಜಿದ ಪಟ್ಟಿಗಳು

ನಿಮ್ಮ ಮನೆಯಲ್ಲಿ ನೀವು ದಿನವೂ ಕೈಯಾಡಿಸುವ ಒಂದು ಯಂತ್ರದ ಮೇಲೆ ಏನು ಬರೆದಿದೆಯೆಂದು, ಅದರ ಕಡೆಗೆ ತಿರುಗಿ ನೋಡದೆ, ನೀವು ಹೇಳಬಲ್ಲಿರಾ? ಹೊಲಿಗೆ ಯಂತ್ರದ ಹಿತ್ತಾಳೆ ಬಿಲ್ಲೆಯ ಮೇಲೆ ಯಾವ ಊರಿನ ಹೆಸರಿದೆ, ಮಿಕ್ಸರಿನ ತಳದಲ್ಲಿ ಯಾವ ಎಚ್ಚರಿಕೆಯ ಮಾತಿದೆ, ಗೋಡೆ ಗಡಿಯಾರದ ಮುಳ್ಳುಗಳ ಹಿಂದೆ ಯಾರ ಹೆಸರಿದೆ? ಹೇಳಲಾರಿರಿ ಎಂದು ನನಗೆ ಗೊತ್ತು. ತಲೆಕೂದಲು ಕಪ್ಪಗಿದ್ದಾಗಿನಿಂದ ಪೂರ್ತಿ ಬೆಳ್ಳಗಾಗುವವರೆಗೆ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿಸಿದವಳು ನಾನು. ಅಕ್ಷರ ಬಲ್ಲವರು ಅಕ್ಷರಕ್ಕೆ ತೋರಿಸುವ ಅಸಡ್ಡೆಯನ್ನು ನನ್ನಷ್ಟು ಕಂಡವರು ಕಡಿಮೆ. ಬರೆದದ್ದನ್ನು ಓದದೆಯೂ ಬದುಕಬಹುದಾದ ಊರಿನಲ್ಲಿ ನೀವಿದ್ದೀರಿ, ಆದ್ದರಿಂದ ನಿಮಗೆ ಶಿಕ್ಷೆಯಾಗಿಲ್ಲ, ಅಷ್ಟೆ.

ನಮ್ಮ ಊರಿನಲ್ಲಿ ಹಾಗಲ್ಲ. ಇಲ್ಲಿ ವಸ್ತುವಿನ ಮೇಲಿನ ಬರಹ ಅಳಿದರೆ ಆ ವಸ್ತು ನಿಂತುಬಿಡುತ್ತದೆ. ಹಿಡಿಕೆಯ ಮೇಲಿನ ಅಕ್ಷರ ಮಾಸಿದ ಛತ್ರಿ ಎಂಥ ಮಳೆಯಲ್ಲೂ ಬಿಚ್ಚಿಕೊಳ್ಳುವುದಿಲ್ಲ. ಬಸ್ಸಿನ ಕಂಡಕ್ಟರನ ಚೀಲದಲ್ಲಿ ಟಿಕೆಟ್ಟಿನ ಜೊತೆಗೆ ಬಣ್ಣದ ಡಬ್ಬಿಯೂ ಕುಂಚವೂ ಇರುತ್ತವೆ. ಏರಿನ ನಡುವೆ ಬಸ್ಸು ನಿಂತರೆ ಪ್ರಯಾಣಿಕರು ಇಳಿದು, ಬೇವಿನ ನೆರಳಿನಲ್ಲಿ ಕುಳಿತು, ಅವನು ಬೋರ್ಡು ತಿದ್ದಿ ಮುಗಿಸುವವರೆಗೆ ಎಲೆಯಡಿಕೆ ಹಾಕಿಕೊಳ್ಳುತ್ತಾರೆ. ಮದುವೆಯಾಗಿ ಬಂದ ಸೊಸೆಗೆ ಅತ್ತೆ ಮೊದಲು ತೋರಿಸುವುದು ಅಡುಗೆಮನೆಯಲ್ಲಿ ಯಾವ ಪಾತ್ರೆಯ ಅಕ್ಷರ ತೆಳ್ಳಗಾಗಿದೆ ಎಂಬುದನ್ನು. ಸುಳ್ಳು ಬರೆದರೂ ನಡೆಯುವುದಿಲ್ಲ. ನನ್ನ ತಮ್ಮ ಒಮ್ಮೆ ತನ್ನ ಹಳೆಯ ಸೈಕಲ್ಲಿನ ಮೇಲೆ ‘ಹೊಸ ಸೈಕಲ್’ ಎಂದು ಬರೆಸಿದ. ಅದನ್ನು ಕೆರೆದು ತೆಗೆಯುವ ತನಕ ಗಾಲಿ ತಿರುಗಲಿಲ್ಲ. ನಮ್ಮ ಊರಿನ ವಸ್ತುಗಳಿಗಿರುವ ಈ ಮರ್ಯಾದೆ ಮನುಷ್ಯರಿಗೂ ಇದ್ದಿದ್ದರೆ ನಾನು ಇದನ್ನು ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ.

ಮಾನಪ್ಪ ಕಮ್ಮಾರ ನಮ್ಮ ಓಣಿಯ ಕೊನೆಯ ಮನೆಯವನು. ಊರಿಗಿದ್ದ ಒಂದೇ ಲೇಥ್ ಅವನದು. ಹಿಟ್ಟಿನ ಗಿರಣಿಯ ಶಾಫ್ಟು ಸವೆದರೆ, ಬೋರಿಂಗಿನ ಪೈಪಿಗೆ ತಿರುಪಿನ ಥ್ರೆಡ್ ಹಾಕಬೇಕಾದರೆ, ಎಲ್ಲರೂ ಹೋಗುವುದು ಅವನ ಶೆಡ್ಡಿಗೆ. ಕಬ್ಬಿಣದ ತುಂಡನ್ನು ಅವನು ಚಕ್ ಎಂಬ ತಿರುಗುವ ಹಿಡಿಗೆ ಬಿಗಿದು, ಯಂತ್ರವನ್ನು ತಿರುಗಲು ಬಿಟ್ಟು, ಉಳಿಯನ್ನು ಮೆಲ್ಲಗೆ ತಾಗಿಸಿದರೆ ಕಬ್ಬಿಣ ಸೌತೆಕಾಯಿಯ ಸಿಪ್ಪೆಯ ಹಾಗೆ ಸುರುಳಿ ಸುರುಳಿಯಾಗಿ ಇಳಿಯುತ್ತಿತ್ತು. ಅವನಿಗೆ ಬೇರೆ ಕೆಲಸ ಬರುವುದಿಲ್ಲ, ಬಂದಿದ್ದರೂ ಮಾಡುತ್ತಿರಲಿಲ್ಲ. ಅವನ ತಂದೆಯ ಕಾಲದಲ್ಲಿ ಬಂದ ಆ ಲೇಥಿನ ಮೈಮೇಲೆ ಅಲ್ಲಲ್ಲಿ ಹಿತ್ತಾಳೆಯ ಪಟ್ಟಿಗಳಿದ್ದವು. ಯಾವ ಗೇರಿಗೆ ಯಾವ ಗೇರು ಕೂಡಿಸಿದರೆ ಎಂಥ ಥ್ರೆಡ್ ಬರುತ್ತದೆ ಎಂದು ಹೇಳುವ ದೊಡ್ಡ ಪಟ್ಟಿ, ಹಿಡಿಕೆಗಳ ಪಕ್ಕದಲ್ಲಿ ಸಣ್ಣ ಪಟ್ಟಿಗಳು, ಚಕ್ಕಿನ ಮೇಲ್ಗಡೆ ಬೆರಳುದ್ದದ ಇನ್ನೊಂದು.

ಆ ಪಟ್ಟಿಗಳ ಯೋಗಕ್ಷೇಮ ಮಾನಪ್ಪನ ಹೆಂಡತಿ ಚಂಪವ್ವನದು. ಆಕೆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಾನು ಕರೆದಾಗಲೆಲ್ಲ ಹಿಟ್ಟು ನಾದುವುದಿದೆ ಎಂದಳು, ಮೆಣಸಿನಕಾಯಿ ಒಣಹಾಕುವುದಿದೆ ಎಂದಳು. ಆದರೆ ಶುಕ್ರವಾರ ಬಂತೆಂದರೆ ಹುಣಸೆಹಣ್ಣು, ಒಲೆಯ ಬೂದಿ ಹಿಡಿದು ಶೆಡ್ಡಿಗೆ ಇಳಿಯುತ್ತಿದ್ದಳು. ಒಂದೊಂದು ಪಟ್ಟಿಯನ್ನೂ ತಿಕ್ಕಿ, ತೊಳೆದು, ಅಕ್ಷರಗಳ ಸಂದಿನಲ್ಲಿ ಕೂತ ಬೂದಿಯನ್ನು ಕಸಬರಿಗೆಯ ಕಡ್ಡಿಯಿಂದ ಕೆದಕಿ ತೆಗೆದು, ಮೂಲೆಗೊಂದು ಕುಂಕುಮದ ಬೊಟ್ಟಿಡುತ್ತಿದ್ದಳು. ಆ ಲೇಥ್ ಅವಳ ಪಾಲಿಗೆ ಮನೆಯ ಹಿರಿಯ. ಮಗಳ ಮದುವೆಯಲ್ಲಿ ಬೀಗರಿಗೆ ಮೊದಲು ಪರಿಚಯಿಸಿದ್ದು ಅದನ್ನೇ, ಆಮೇಲೆ ಗಂಡನನ್ನು. ಪಟ್ಟಿಗಳು ಎಷ್ಟು ಹೊಳೆಯುತ್ತಿದ್ದವೆಂದರೆ ಕೆಲಸಕ್ಕೆ ಬಂದ ಗಿರಾಕಿಗಳು ಅವುಗಳಲ್ಲಿ ನೋಡಿಕೊಂಡು ಮೀಸೆ ತಿದ್ದಿಕೊಳ್ಳುತ್ತಿದ್ದರು. ಹೊಳಪನ್ನು ಎಲ್ಲರೂ ಹೊಗಳಿದರು. ಅಕ್ಷರವನ್ನು ಯಾರೂ ಓದಲಿಲ್ಲ.

ಒಂದು ಮಧ್ಯಾಹ್ನ, ಗಿರಣಿಯ ಶಾಫ್ಟಿನ ಅರ್ಧ ಕಡೆದು ಮುಗಿದಿದ್ದಾಗ, ಲೇಥ್ ನಿಂತಿತು. ಮಾನಪ್ಪ ಮೋಟಾರು ನೋಡಿದ, ಬೆಲ್ಟು ನೋಡಿದ, ಕೊನೆಗೆ ಪಟ್ಟಿಗಳನ್ನು ನೋಡಿದ. ಎಲ್ಲವೂ ಕನ್ನಡಿಯ ಹಾಗೆ ನುಣ್ಣಗಿದ್ದವು, ಕನ್ನಡಿಯ ಹಾಗೆ ಖಾಲಿಯಾಗಿದ್ದವು. ಏನಾಗಿದೆಯೆಂದು ಅವನಿಗೆ ಆ ಕ್ಷಣದಲ್ಲೇ ಮೊದಲು ತಿಳಿಯಿತು ಎಂದು ಹೇಳಿದರೆ ನಾನೂ ಸುಳ್ಳು ಹೇಳಿದ ಹಾಗಾಗುತ್ತದೆ. ಚಂಪವ್ವ ಉಜ್ಜಿದಂತೆಲ್ಲ ಅಕ್ಷರಗಳು ತೆಳ್ಳಗಾಗುತ್ತಿರುವುದನ್ನು ಅವನು ಎಷ್ಟೋ ಕಾಲದಿಂದ ನೋಡುತ್ತಲೇ ಇದ್ದ. ಉಜ್ಜುವಾಗ ಅವಳು ಗುನುಗುತ್ತಿದ್ದಳಂತೆ. ಅದನ್ನು ನಿಲ್ಲಿಸಲು ಮನಸ್ಸು ಬರಲಿಲ್ಲವಂತೆ. ಚಂಪವ್ವ ಓಡಿಬಂದು ಏನಾಯಿತೆಂದು ಕೇಳಿದಾಗ, ಗಿರಣಿಯ ಕಡೆಯಿಂದ ಬೀಸುವ ಗಾಳಿ ಹಿತ್ತಾಳೆಯನ್ನು ತಿಂದಿದೆ ಎಂದುಬಿಟ್ಟ.

ಇದನ್ನೆಲ್ಲ ಅವನು ನನಗೆ ಹೇಳಿದ್ದು ಮರುದಿನ, ನಮ್ಮ ಕಟ್ಟೆಯ ಮೇಲೆ ಕುಳಿತು. ಹೊಸ ಪಟ್ಟಿಗಳನ್ನು ತಾನೇ ಕೊರೆಯುತ್ತೇನೆ, ಅಕ್ಷರಗಳನ್ನು ಗುಂಡಗೆ ಬರೆದುಕೊಡಬೇಕು ಎಂದು ಕೇಳಲು ಬಂದಿದ್ದ. ಹೊರಡುವ ಮುಂಚೆ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ.

“ಅಕ್ಕೋರ, ಆಕಿ ಕೇಳಿದ್ರ ನೀವೂ ಹವಾನ ತಿಂದೈತಿ ಅಂತ ಅನ್ರಿ.”

ನಾನು ಅನ್ನುವುದಿಲ್ಲ ಎಂದೆ. ಸುಳ್ಳನ್ನು ಹೇಳಿದವನೇ ಅದನ್ನು ಹಿಂದಕ್ಕೆ ಪಡೆಯಬೇಕು. ಆ ಕೆಲಸವನ್ನು ನಾನು ಅವನ ಪರವಾಗಿ ಮಾಡುವುದಿಲ್ಲ, ಆದರೆ ಆ ಸುಳ್ಳಿಗೆ ನನ್ನ ಬಾಯನ್ನೂ ಕೊಡುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಅವನು ಟೊಪ್ಪಿಗೆಯನ್ನು ಮತ್ತೆ ತಲೆಗಿಟ್ಟುಕೊಂಡ. “ಆಕಿ ಪೂಜಿ ಮಾಡಿದ ಕೈ ಅದು,” ಎಂದ. “ಆ ಕೈಗೆ ನೀನ ಕೊಂದಿ ಅಂತ ನಾ ಹೆಂಗ ಹೇಳಲ್ರಿ?”

ಸಮಯವೂ ಹೆಚ್ಚು ಇರಲಿಲ್ಲ. ನಮ್ಮಲ್ಲಿ ನಿಂತುಹೋದ ವಸ್ತುಗಳನ್ನು ಅಮಾವಾಸ್ಯೆಯ ದಿನ ಹುಸೇನಸಾಬನ ಗಾಡಿ ಊರಾಚೆಯ ಕುಲುಮೆಗೆ ಒಯ್ಯುತ್ತದೆ. ಹುಸೇನಸಾಬ ಮೃದು ಮನಸ್ಸಿನವನು. ಲೇಥಿನ ಕಾಲಿಗೆ ಸೀಮೆಸುಣ್ಣದ ಗುರುತು ಹಾಕಲು ಬಂದಾಗ ಎರಡು ಸಲ ಚಹಾ ಕುಡಿದು, ಮೂರು ಸಲ ಕೆಮ್ಮಿ, ಆಮೇಲೆ ಬಾಗಿದ. ಇದೊಂದು ಸಲ ನೋಡದ ಹಾಗೆ ಹೋಗಬಾರದೇ ಎಂದು ಚಂಪವ್ವ ಕೇಳಿದಳು.

“ನನಗೂ ಭಾಳ ಬ್ಯಾಸರ ಐತಿ ಬೇ ಚಂಪವ್ವ,” ಎಂದ ಅವನು. “ಖರೇ, ನಿಂತದ್ದನ್ನ ಒಯ್ಯೂ ಗಾಡಿ ಅಂತ ನನ್ನ ಗಾಡಿ ಮ್ಯಾಲ ಬರದೈತಿ. ನಾ ಬಿಟ್ಟು ಹ್ವಾದ್ರ ಮುಂದಿನ ತಿರುವಿನ್ಯಾಗ ಗಾಡಿನ ನಿಂದರ್ತೈತಿ. ಆಮ್ಯಾಲ ಅದನ್ನ ಯಾರು ಒಯ್ಯಬೇಕು?”

ಹೀಗೆ ನಮ್ಮ ಕೆಲಸ ಶುರುವಾಯಿತು. ನಾನು ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಶೆಡ್ಡಿಗೆ ಹೋಗುತ್ತಿದ್ದೆ, ಹೊತ್ತು ಇಳಿಯುವಾಗ ಮನೆಗೆ ಬರುತ್ತಿದ್ದೆ. ಹೇಗೂ ಬಿಚ್ಚುವುದೇ ಆಯಿತು ಎಂದು ಮಾನಪ್ಪ ಲೇಥನ್ನು ಪೂರ್ತಿ ಬಿಚ್ಚಿದ. ಹಳೆಯ ಎಣ್ಣೆಯನ್ನು ಬಸಿದ. ಅದು ಕಾಕಂಬಿಯ ಹಾಗೆ ಕಪ್ಪಗೆ ಬಂದಿತು. ಬಿಡಿಭಾಗಗಳನ್ನು ಸೀಮೆಎಣ್ಣೆಯ ತಗಡಿನ ಡಬ್ಬಿಯಲ್ಲಿ ನೆನೆಹಾಕಿ, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಹಳೆಯ ಪಂಚೆಯ ಮೇಲೆ ಮಕ್ಕಳನ್ನು ಮಲಗಿಸಿದಂತೆ ಸಾಲಾಗಿ ಇಟ್ಟ. ಲೇಥಿನ ಉದ್ದನೆಯ ಕಬ್ಬಿಣದ ಹಾಸಿನ ಮೇಲೆ ತುಕ್ಕು ಹಿಡಿದ ಕಡೆ ಎಣ್ಣೆಕಲ್ಲಿನಿಂದ ಮೆಲ್ಲಗೆ ತೀಡಿದ. ಮೇಲಿನ ಹಸಿರು ಬಣ್ಣ ಕೆರೆದಾಗ ಅದರ ಕೆಳಗೆ ನೀಲಿ ಬಂತು, ನೀಲಿಯ ಕೆಳಗೆ ಬೂದು ಬಂತು. ಆ ಬೂದು ಬಣ್ಣದಲ್ಲಿ ತನ್ನ ತಂದೆ ಈ ಯಂತ್ರವನ್ನು ನೋಡಿದ್ದು ಎಂದು ಮಾನಪ್ಪ ಹೇಳಿದ. ಅಷ್ಟು ಹೇಳಿ ಮತ್ತೆ ಕೆರೆಯತೊಡಗಿದ.

ದೊಡ್ಡ ಪಟ್ಟಿಯ ಕೋಷ್ಟಕ ಯಾರಿಗೂ ಬಾಯಿಪಾಠ ಬರುತ್ತಿರಲಿಲ್ಲ. ಮಾನಪ್ಪನ ಕೈ ಅಭ್ಯಾಸದಿಂದ ಗೇರುಗಳನ್ನು ಆರಿಸುತ್ತಿತ್ತು, ಅಂಕಿಗಳನ್ನು ನೋಡುತ್ತಿರಲಿಲ್ಲ. ನಾವು ಅದನ್ನು ಮೊದಲಿನಿಂದ ಲೆಕ್ಕ ಹಾಕಿದೆವು. ಅವನು ಒಂದೊಂದೇ ಗೇರನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಹಲ್ಲಿಗೆ ಸುಣ್ಣ ಹಚ್ಚಿ, ಅಲ್ಲಿಂದ ಹಲ್ಲುಗಳನ್ನು ಎಣಿಸಿ ಕೂಗುತ್ತಿದ್ದ. ನಾನು ಸ್ಲೇಟಿನ ಮೇಲೆ ಭಾಗಾಕಾರ ಮಾಡುತ್ತಿದ್ದೆ. ಎಣಿಸುತ್ತಿರುವಾಗ ಚಂಪವ್ವ ಚಹಾ ತಂದು ಬೇಕೆಂದೇ ಬೇರೆ ಬೇರೆ ಅಂಕಿಗಳನ್ನು ಹೇಳಿ ಅವನ ಲೆಕ್ಕ ತಪ್ಪಿಸುತ್ತಿದ್ದಳು. ಅವನು ಮತ್ತೆ ಮೊದಲಿನಿಂದ ಎಣಿಸುತ್ತಿದ್ದ. ಇಂಥ ಮನೆಯಲ್ಲಿ ಸುಳ್ಳೊಂದು ಹೇಗೆ ಹೊಕ್ಕಿತು ಎಂದು ನನಗೆ ಆಶ್ಚರ್ಯವಾಗುತ್ತಿತ್ತು. ಹೊಕ್ಕಿದ್ದು ಪ್ರೀತಿಯ ಬಾಗಿಲಿನಿಂದಲೇ ಎಂಬುದು ನನ್ನ ಸಿಟ್ಟನ್ನು ಹೆಚ್ಚಿಸುತ್ತಿತ್ತು.

ಕೋಷ್ಟಕ ಕೂಡಿಬಂತು. ಹಿಡಿಕೆಗಳ ‘ಮುಂದೆ’, ‘ಹಿಂದೆ’, ‘ಬಿಗಿ’, ‘ಸಡಿಲ’ ಎಂಬವು ಅವುಗಳ ಕೆಲಸದಿಂದಲೇ ತಿಳಿದವು. ನಾನು ಬರೆದುಕೊಟ್ಟ ಅಕ್ಷರಗಳನ್ನು ಮಾನಪ್ಪ ಹೊಸ ಹಿತ್ತಾಳೆಯ ಮೇಲೆ ಸಣ್ಣ ಚಾಣದಿಂದ ಕೊರೆದು, ಪಟ್ಟಿಗಳನ್ನು ರಿವೆಟ್ ಹೊಡೆದು ಕೂರಿಸಿದ. ನನ್ನ ಜೀವಮಾನದಲ್ಲಿ ನಾನು ಕಲಿಸಿದ ಅಕ್ಷರ ಅಷ್ಟು ಗಟ್ಟಿಯಾಗಿ ಎಲ್ಲಿಯೂ ಕೂತಿರಲಿಲ್ಲ.

ಮರುದಿನ ಹೋದಾಗ ಚಂಪವ್ವ ಅವುಗಳನ್ನು ಉಜ್ಜುತ್ತಿದ್ದಳು. ಶುಕ್ರವಾರವಲ್ಲ, ಏನೂ ಅಲ್ಲ. ಶೆಡ್ಡಿನ ಕಿಟಕಿಗೆ ಗೋಣಿಚೀಲ ಕಟ್ಟಿದ್ದಳು. ಹುಣಸೆಹಣ್ಣಿನ ರಸ ಅವಳ ಮೊಣಕೈಯವರೆಗೆ ಇಳಿದಿತ್ತು.

“ಗಿರಣಿ ಹವಾ ಭಾಳ ಕೆಟ್ಟೈತ್ರೀ ಅಕ್ಕೋರ,” ಎಂದಳು. “ಇನ್ನ ವಾರಕ್ಕೊಮ್ಮಿ ತಿಕ್ಕಿದ್ರ ಸಾಲೂದಿಲ್ಲ. ದಿನಾ ತಿಕ್ಕತೀನಿ. ನೋಡೂಣು ಅದು ಹೆಂಗ ತಿಂತೈತಿ.”

‘ಸಡಿಲ’ ಎಂಬುದರ ಅಂಚು ಆಗಲೇ ಮೆತ್ತಗಾಗಿತ್ತು. ಓದುಗರೇ, ಒಳ್ಳೆಯ ಮನಸ್ಸಿನ ಸುಳ್ಳಿನಿಂದ ಯಾರಿಗೂ ನಷ್ಟವಿಲ್ಲ ಎನ್ನುವವರು ಆ ಗೋಣಿಚೀಲವನ್ನು ನೋಡಬೇಕಾಗಿತ್ತು. ಇಲ್ಲದ ಗಾಳಿಯನ್ನು ತಡೆಯಲು ಒಬ್ಬ ಹೆಂಗಸು ತನ್ನ ಸೀರೆಯ ಅಂಚು ಹರಿದು ಅದನ್ನು ಕಟ್ಟಿದ್ದಳು. ಅವಳ ಹಿಂದೆ ನಿಂತಿದ್ದ ಮಾನಪ್ಪ ನನ್ನ ಕಡೆ ಕೈ ಮುಗಿದ. ನಾನು ಬಾಯಿ ಮುಚ್ಚಿಕೊಂಡೆ. ಆದರೆ ಎಷ್ಟು ಗಟ್ಟಿಯಾಗಿ ಮುಚ್ಚಿಕೊಂಡೆನೆಂದರೆ ಅದು ಅವನಿಗೆ ಕೇಳಿಸಿರಬೇಕು.

ಎಲ್ಲ ಜೋಡಿಸಿ, ಎಣ್ಣೆ ಹಾಕಿ, ಹೊಸ ಬೆಲ್ಟು ಏರಿಸಿದರೂ ಲೇಥ್ ತಿರುಗಲಿಲ್ಲ. ಒಂದು ಪಟ್ಟಿ ಬಾಕಿಯಿತ್ತು: ಚಕ್ಕಿನ ಮೇಲಿನ ಬೆರಳುದ್ದದ್ದು. ಅದರ ಮೇಲೆ ಏನಿತ್ತೆಂದು ಮಾನಪ್ಪನಿಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಆ ಪಟ್ಟಿಯ ಮುಂದೆ ನಿಂತವನು ಒಮ್ಮೆಯೂ ಓದಿರಲಿಲ್ಲ. ನಾನು ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ತಲೆ ತಗ್ಗಿಸಿ ಅದನ್ನು ಕೇಳಿದ, ನನ್ನ ಶಾಲೆಯಲ್ಲೇ ಕಲಿತವನು.

ನಾವು ಊಹಿಸತೊಡಗಿದೆವು. ‘ಎಚ್ಚರಿಕೆ’ ಎಂದು ಕೊರೆದು ಕೂರಿಸಿದೆವು, ಲೇಥ್ ಅಲ್ಲಾಡಲಿಲ್ಲ. ‘ಶ್ರೀ’ ಎಂದೆವು, ಇಲ್ಲ. ನಾನು ‘ಶಿಸ್ತಿನಿಂದ ಕೆಲಸ ಮಾಡಿ’ ಎಂದು ಬರೆದುಕೊಟ್ಟೆ. ಮಾನಪ್ಪ ಅದನ್ನು ಎರಡು ಸಲ ಓದಿ, ಇದು ಲೇಥ್ರಿ ಅಕ್ಕೋರ, ಸಾಲಿ ಅಲ್ಲ ಎಂದ. ಆದರೂ ಕೊರೆದ. ಅದೂ ಆಗಲಿಲ್ಲ. ಹಿತ್ತಾಳೆ ಮುಗಿಯುತ್ತ ಬಂತು. ಅಮಾವಾಸ್ಯೆ ನಾಳೆ ಎಂಬಷ್ಟು ಹತ್ತಿರ ಬಂತು.

ಅಂದು ಮಧ್ಯಾಹ್ನ, ಚಂಪವ್ವ ನೀರಿಗೆ ಹೋಗಿದ್ದಾಗ, ನನಗೆ ಹೊಳೆಯಿತು. ಆ ಪಟ್ಟಿಯನ್ನು ಕಣ್ಣಿನಿಂದ ಯಾರೂ ಓದಿರಲಿಲ್ಲ, ನಿಜ. ಆದರೆ ವಾರ ವಾರವೂ ಅದರ ಒಂದೊಂದು ಗೆರೆಯೊಳಗೆ ಕಡ್ಡಿಯಾಡಿಸಿ ಬೂದಿ ತೆಗೆದ ಕೈಯೊಂದಿತ್ತು. ಮಾನಪ್ಪನಿಗೆ ಹೇಳಿದೆ. ಅವನ ಮುಖದಲ್ಲಿ ಒಂದು ಕ್ಷಣ ಬೆಳಕು ಬಂತು. ಕೂಡಲೇ ಹೋಯಿತು. ಅವಳನ್ನು ಕೇಳಿದರೆ, ಗಾಳಿ ತಿಂದ ಅಕ್ಷರ ತನ್ನ ಕೈಗೆ ಹೇಗೆ ಗೊತ್ತಿರಬೇಕು ಎಂದು ಅವಳು ಯೋಚಿಸುತ್ತಾಳೆ. ಯೋಚಿಸಿದರೆ, ಅಕ್ಷರ ತಿಂದದ್ದು ಆ ಕೈಯೇ ಎಂಬುದೂ ತಿಳಿಯುತ್ತದೆ ಎಂದ. ಅದಕ್ಕಿಂತ ಲೇಥ್ ಹೋಗಲಿ ಎಂದ. ಗಾಡಿ ಬರಲಿ, ಒಯ್ಯಲಿ, ತಾನು ಗಿರಣಿಯಲ್ಲಿ ಚೀಲ ಹೊರುತ್ತೇನೆ ಎಂದ. ಆ ವಯಸ್ಸಿನಲ್ಲಿ, ಆ ಬೆನ್ನಿನ ಮೇಲೆ.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ನಾನು ಅವನಿಗೆ ಹೇಳಿದ್ದು ಇಷ್ಟು: “ಮಾನಪ್ಪ, ನೀ ಆಕಿ ಮನಸ್ಸು ಕಾಯಾಕತ್ತಿಲ್ಲ. ಆಕಿ ಅಳೂದನ್ನ ನೋಡಾಕ ನಿನಗ ಧೈರ್ಯ ಇಲ್ಲ. ಅದಕ್ಕ ಪ್ರೀತಿ ಅಂತ ಪಟ್ಟಿ ಹಚ್ಚಬ್ಯಾಡ. ಸುಳ್ಳು ಪಟ್ಟಿ ಹಚ್ಚಿದ್ದು ಈ ಊರಾಗ ನಡಿಯೂದಿಲ್ಲ, ನಿನಗ ಗೊತ್ತೈತಿ.”

ಚಂಪವ್ವ ಕೊಡ ಇಳಿಸಿದ ಸದ್ದು ಕೇಳಿದಾಗ ಅವನು ಎದ್ದು ಮನೆಯೊಳಗೆ ಹೋದ. ನಾನು ಅಲ್ಲಿಂದ ಹೊರಡಬೇಕಾಗಿತ್ತು, ಹೊರಡಲಿಲ್ಲ. ಅವನ ದನಿ ಕೇಳಿಸಲಿಲ್ಲ, ಅಷ್ಟು ಸಣ್ಣಗಿತ್ತು. ಆಮೇಲೆ ಬಂದದ್ದು ಚಂಪವ್ವನ ದನಿ. ಅದು ಅಳುವಿನ ದನಿಯಾಗಿರಲಿಲ್ಲ.

“ನಾ ತಿಕ್ಕೂಮುಂದ ನೀ ಎಲ್ಲಿದ್ದಿ? ಅಲ್ಲೇ ಸ್ಟೂಲಿನ ಮ್ಯಾಲ ಕುಂತು ಚಾ ಕುಡೀತಿದ್ದಿ. ಒಂದಿನಾ ಬಾಯಿ ಬಿಟ್ಟು, ಸಾಕು ಬಿಡ, ಅಕ್ಷರ ಅಳಿಸಿ ಹೊಕ್ಕಾವ ಅಂದಿದ್ರ ನಾ ನಿನ್ನ ತಿಂತಿದ್ನೇನು? ಹವಾ ಅಂತ, ಹವಾ. ಹವಾಕ್ಕ ಅಂಜಿ ಗೋಣಿಚೀಲ ಕಟ್ಟೇನಿ ನಾ. ಓಣಿ ಮಂದಿಗೆಲ್ಲ ಕಿಡಕಿ ಹಾಕ್ಕೋರಿ ಅಂತ ಹೇಳಿ ಬಂದೇನಿ. ನನ್ನ ಕೈ ತಪ್ಪು ಮಾಡಿದ್ರ ನನ್ನ ಕೈಗೆ ಹೇಳಬೇಕು. ಊರ ಹವಾದ ಮ್ಯಾಲ ಯಾಕ ಹಾಕಿದಿ?”

ಇದು ಆರಂಭ ಮಾತ್ರ. ಬಳಿಕ ಅವಳು ಮದುವೆಯ ದಿನದಿಂದ ಹಿಡಿದು ಅವನು ಹೇಳದೆ ಬಿಟ್ಟದ್ದನ್ನೆಲ್ಲ ಒಂದೊಂದಾಗಿ ಹೊರತೆಗೆದಳು: ಪಲ್ಯಕ್ಕೆ ಉಪ್ಪು ಹೆಚ್ಚಾದಾಗ ಸುಮ್ಮನೆ ಉಂಡದ್ದು, ಹೊಸ ಸೀರೆಯ ಬಣ್ಣ ಹಿಡಿಸದೆಯೂ ತಲೆಯಾಡಿಸಿದ್ದು, ಅವಳ ತಮ್ಮನ ಹಾಡು ಚೆನ್ನಾಗಿದೆ ಎಂದದ್ದು. ಮಾನಪ್ಪ ಹೊಸ್ತಿಲ ಮೇಲೆ ಕುಳಿತು ಎಲ್ಲವನ್ನೂ ಕೇಳಿದ. ಎದ್ದು ಹೋಗಲಿಲ್ಲ. ನಡುವೆ ಎಲ್ಲೋ ಅವಳು ಅತ್ತಳು, ಅಳುತ್ತಲೇ ಬೈದಳು, ಬೈಯುತ್ತಲೇ ಅವನ ಮುಂದೆ ನೀರಿನ ತಂಬಿಗೆ ಇಟ್ಟಳು. ನಾನು ಹೇಳಿದ ಕಟುಮಾತಿಗಾಗಿ ನನಗೆ ಪಶ್ಚಾತ್ತಾಪವಾಗಲಿಲ್ಲ. ಆದರೆ ಅಂಥ ಮಾತನ್ನು ಆಡುವುದು ಸುಲಭ, ಅದನ್ನು ಹೊತ್ತುಕೊಂಡು ಹೊಸ್ತಿಲ ಮೇಲೆ ಕೂರುವುದು ಬೇರೆಯೇ ಕೆಲಸ ಎಂಬುದನ್ನು ಆ ಮುದುಕನನ್ನು ನೋಡಿ ಒಪ್ಪಿಕೊಳ್ಳಬೇಕಾಯಿತು.

ಬೈದು ಮುಗಿದ ಮೇಲೆ ಚಂಪವ್ವ ಮುಖ ತೊಳೆದು, ಒಂದು ಅಗಲದ ತಟ್ಟೆಯ ತುಂಬ ಬೂದಿ ಹರವಿಕೊಂಡು ಶೆಡ್ಡಿಗೆ ಬಂದಳು. ಕಸಬರಿಗೆಯ ಕಡ್ಡಿ ಕೈಯಲ್ಲಿತ್ತು. ಲೇಥಿನ ಮುಂದೆ ತಾನು ಯಾವಾಗಲೂ ನಿಲ್ಲುವ ಜಾಗದಲ್ಲಿ ನಿಂತು, ತಟ್ಟೆಯನ್ನು ಚಕ್ಕಿನ ಮೇಲಿನ ಆ ಖಾಲಿ ಜಾಗದ ಎತ್ತರಕ್ಕೆ ಹಿಡಿಯುವಂತೆ ಗಂಡನಿಗೆ ಹೇಳಿ, ಕಣ್ಣು ಮುಚ್ಚಿಕೊಂಡಳು. ಅವಳು ಅಕ್ಷರವನ್ನು ಬರೆಯಲಿಲ್ಲ. ಗೆರೆಯೊಳಗಿನ ಬೂದಿಯನ್ನು ತೆಗೆದಳು. ಬಲಗಡೆಯಿಂದ ಶುರುಮಾಡಿದಳು. ಬಾಲದಿಂದ ಹಿಡಿದು ತಲೆಗೆ ಹೋದಳು. ಕೊಂಬು ಮೊದಲು ಬಂತು, ಮೈ ಆಮೇಲೆ. ಒಂದು ಕಡೆ ಕಡ್ಡಿ ನಿಂತಿತು. ಇಲ್ಲಿ ಸಣ್ಣದೊಂದು ಕುಳಿಯಿತ್ತು, ಇಲ್ಲಿ ಯಾವಾಗಲೂ ಬೂದಿ ಸಿಕ್ಕಿಕೊಳ್ಳುತ್ತಿತ್ತು ಎಂದು ಗೊಣಗಿದಳು. ಆಮೇಲೆ ಮುಂದುವರಿದಳು. ಶಾಲೆಯಲ್ಲಿ ಯಾರಾದರೂ ಹಾಗೆ ತಿದ್ದಿದ್ದರೆ ನಾನು ಕೈ ಹಿಡಿದು ನಿಲ್ಲಿಸುತ್ತಿದ್ದೆ. ಅಂದು ಕೈ ಕಟ್ಟಿಕೊಂಡು ನೋಡಿದೆ. ಎಡಗಡೆಯ ಕೊನೆಯ ಅಕ್ಷರ ಮುಗಿಸಿ ಅವಳು ಕಣ್ಣು ತೆರೆದಳು.

ಬೂದಿಯಲ್ಲಿ ‘ಕೈ ದೂರ ಇಡಿ’ ಎಂದಿತ್ತು.

ನಾನು ಗಟ್ಟಿಯಾಗಿ ಓದಿದೆ. ಮಾನಪ್ಪನ ಹೊಟ್ಟೆ ಕುಲುಕತೊಡಗಿತು; ಅವನು ಕೆಮ್ಮಿದಂತೆ ನಟಿಸಿ ಅದನ್ನು ತಡೆಯಲು ಪ್ರಯತ್ನಿಸಿದ. ಚಂಪವ್ವ ಅವನ ಕಡೆ ಒಂದು ಸಲ, ಬೂದಿಯ ಕಡೆ ಒಂದು ಸಲ ನೋಡಿದಳು.

“ಇಷ್ಟು ದಿನಾ ಅದು ನನಗ ಕೈ ತಗಿ ಅಂತ ಹೇಳಾಕತ್ತಿತ್ತೇನ್ರಿ?” ಎಂದು ನನ್ನನ್ನು ಕೇಳಿದಳು. ನಾನು ಹೌದೆಂದೆ. ಅವಳು ಲೇಥಿನ ತಣ್ಣನೆಯ ಕಬ್ಬಿಣದ ಮೇಲೆ ಅಂಗೈ ಇಟ್ಟಳು. “ಇದಕ್ಕಾದ್ರೂ ಹೇಳೂ ಬುದ್ಧಿ ಇತ್ತು ನೋಡ್ರಿ.”

ಆಮೇಲೆ ನಕ್ಕವಳು ಅವಳೇ ಮೊದಲು.

ಮಾನಪ್ಪ ಉಳಿದಿದ್ದ ಕೊನೆಯ ತುಂಡು ಹಿತ್ತಾಳೆಯ ಮೇಲೆ, ಬೂದಿಯಲ್ಲಿದ್ದ ಹಾಗೆಯೇ, ಆ ಸಣ್ಣ ಕುಳಿಯನ್ನೂ ಬಿಡದೆ ಕೊರೆದ. ರಿವೆಟ್ ಹೊಡೆದು ಸುತ್ತಿಗೆ ಕೆಳಗಿಟ್ಟ. ಸ್ವಿಚ್ಚು ಹಾಕಲು ಚಂಪವ್ವನಿಗೆ ಹೇಳಿದ. ಬೆಲ್ಟು ಒಮ್ಮೆ ಜಗ್ಗಿತು, ಚಕ್ ನಿಧಾನವಾಗಿ ಅರ್ಧ ಸುತ್ತು ಬಂತು, ಮತ್ತೆ ಅರ್ಧ ಸುತ್ತು, ಆಮೇಲೆ ತನ್ನ ಹಳೆಯ ಗುಂಯ್ ಎಂಬ ದನಿಯನ್ನು ಹಿಡಿಯಿತು. ಅಮಾವಾಸ್ಯೆಯ ಬೆಳಿಗ್ಗೆ ಹುಸೇನಸಾಬ ಓಣಿಯ ತುದಿಯಲ್ಲೇ ಆ ದನಿ ಕೇಳಿ, ಗಾಡಿಯನ್ನು ಅಲ್ಲಿಯೇ ನಿಲ್ಲಿಸಿ ನಡೆದು ಬಂದ. ಸೀಮೆಸುಣ್ಣದ ಗುರುತನ್ನು ತನ್ನ ಹೆಗಲ ವಸ್ತ್ರದಿಂದಲೇ ಒರೆಸಿದ. ಒಳಗೆ ಮಾನಪ್ಪ ಗಿರಣಿಯ ಶಾಫ್ಟಿನ ಉಳಿದ ಅರ್ಧವನ್ನು ಕಡೆಯುತ್ತಿದ್ದ. ಚಂಪವ್ವ ಸ್ಟೂಲಿನ ಮೇಲೆ ಕುಳಿತು ಚಹಾ ಕುಡಿಯುತ್ತ, ಅವನ ಕೆಲಸದಲ್ಲಿ ತನಗೆ ತಪ್ಪೆಂದು ಕಂಡದ್ದನ್ನೆಲ್ಲ ಆಗಿಂದಾಗಲೇ ಹೇಳುತ್ತಿದ್ದಳು. ಬಹುತೇಕ ಅವು ತಪ್ಪುಗಳೇ ಆಗಿರಲಿಲ್ಲ. ಅವನು ಕೇಳಿಸಿಕೊಳ್ಳುತ್ತಿದ್ದ, ಒಂದೆರಡಕ್ಕೆ ಎದುರು ಮಾತನ್ನೂ ಆಡಿದ.

ಈಗ ನಿಮ್ಮ ವಿಷಯ. ನಿಮ್ಮ ಮನೆಯಲ್ಲಿಯೂ ಪ್ರೀತಿಯಿಂದ ಏನನ್ನೋ ಸವೆಸುತ್ತಿರುವ ಒಬ್ಬರು ಇದ್ದಾರೆ. ನೀವು ಅದನ್ನು ನೋಡುತ್ತಿದ್ದೀರಿ, ನೋಡಿಯೂ ಸುಮ್ಮನಿದ್ದೀರಿ. ಆ ಸುಮ್ಮನಿರುವಿಕೆಗೆ ದೊಡ್ಡತನವೆಂದು ಹೆಸರಿಟ್ಟುಕೊಂಡಿದ್ದೀರಿ. ದಯವಿಟ್ಟು ಇಂದು ಅವರ ಬಳಿಗೆ ಹೋಗಿ, ಎದುರು ಕುಳಿತು, ಅದನ್ನು ಹೇಳಿ. ಗಾಳಿಯ ಮೇಲೆ ಹಾಕಬೇಡಿ. ಅವರು ಬೈಯುತ್ತಾರೆ. ಬೈದು ಮುಗಿಸುವವರೆಗೆ ಅಲ್ಲಿಂದ ಏಳಬೇಡಿ.